ಒರ್ತೀಜಿಯಾದಲ್ಲಿ ಒಂದು ದಿನ

ಈ ಸಂಚಿಕೆಗೆ ಪ್ರವಾಸಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಅಪ್ಪಣೆ ಮಾಡಿದಾಗ, ನೋಡಿದ ಊರುಗಳ ಪಟ್ಟಿಯನ್ನು ಒಪ್ಪಿಸುವುದಕ್ಕಿಂತ ಒಂದೇ ಊರಿನಲ್ಲಿ ಯಾವ ಅವಸರವೂ ಇಲ್ಲದೆ ಕಳೆದ ಒಂದು ದಿನವನ್ನು ಕುರಿತು ಬರೆಯುವುದೇ ಲೇಸೆಂದು ತೋರಿತು. ಆ ಊರು ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಪೂರ್ವ ಕರಾವಳಿಯ ಸಿರಾಕ್ಯೂಸ್. ಅದರ ಹಳೆಯ ಭಾಗವಾದ ಒರ್ತೀಜಿಯಾ ಒಂದು ಕಿರುದ್ವೀಪ. ಸೇತುವೆ ದಾಟಿದರೆ ಆಯಿತು. ಈ ತುದಿಯಿಂದ ಆ ತುದಿಗೆ ನಡೆಯಲು ಅರ್ಧ ಗಂಟೆ ಸಾಕು. ಕ್ರಿ.ಪೂ. 8ನೆಯ ಶತಮಾನದಲ್ಲಿ ಗ್ರೀಸಿನ ಕೊರಿಂಥ್ ನಗರದಿಂದ ಬಂದವರು ಇಲ್ಲಿ ನೆಲೆಯೂರಿದರು. ಆರ್ಕಿಮಿಡೀಸನ ಊರು ಇದೇ.

ಮಗಳು ಸಮೀಪದ ಕತಾನಿಯಾ ನಗರದಲ್ಲಿ ಉದ್ಯೋಗದಲ್ಲಿರುವುದರಿಂದ ನನಗೆ ಈ ಯೋಗ ಒದಗಿತು. ಏಪ್ರಿಲ್ ತಿಂಗಳ ಒಂದು ಮುಂಜಾನೆ ಆಕೆ ಕೆಲಸಕ್ಕೆ ಹೊರಟ ಮೇಲೆ ನಾನು ಚಿತ್ರ ಬರೆಯುವ ಪುಸ್ತಕ ಮತ್ತು ಎರಡು ಪೆನ್ಸಿಲುಗಳೊಡನೆ ರೈಲು ಹತ್ತಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದ ಕೈ ನನ್ನದು. ಅಳತೆಪಟ್ಟಿಯ ಆಸರೆಯಿಲ್ಲದೆ ಗೆರೆ ಎಳೆಯುವ ಅಭ್ಯಾಸವನ್ನು ನಿವೃತ್ತಿಯ ತರುವಾಯವೇ ಮಾಡಿಕೊಂಡದ್ದು.

ಸೇತುವೆ ದಾಟಿದೊಡನೆ ಅಪೋಲೊ ದೇವಾಲಯದ ಅವಶೇಷಗಳು. ಅವುಗಳ ಮಗ್ಗುಲಲ್ಲೇ ಸಂತೆ. ಲಿಂಬೆ, ಕಿತ್ತಳೆ, ಬಾದಾಮಿ, ಬಿಸಿಲಿಗೆ ಒಣಗಿಸಿದ ಟೊಮ್ಯಾಟೊ. ಕೂಗಾಟವಂತೂ ನಮ್ಮ ಹುಬ್ಬಳ್ಳಿಯ ಸಂತೆಗೆ ಯಾವ ವಿಧದಲ್ಲಿಯೂ ಕಡಿಮೆಯಿರಲಿಲ್ಲ. ಮೀನಿನ ಸಾಲನ್ನು ನೋಡದೆ ದಾಟಿಬಿಡಬೇಕೆಂಬುದು ಸಸ್ಯಾಹಾರಿಯಾದ ನನ್ನ ಸಂಕಲ್ಪವಾಗಿತ್ತು. ಆದರೆ ಮಂಜಿನ ಮೇಲೆ ಮೂತಿಯನ್ನು ಆಕಾಶಕ್ಕೆತ್ತಿ ನಿಲ್ಲಿಸಿದ್ದ ಕತ್ತಿಮೀನಿನ ತಲೆಯನ್ನು ಕಂಡು ಪೆನ್ಸಿಲು ಕೇಳಲಿಲ್ಲ. ಮಾರುವವನು ಚಿತ್ರವನ್ನು ನೋಡಿ, ಪಕ್ಕದ ಅಂಗಡಿಯಿಂದ ಒಂದು ಲಿಂಬೆಹಣ್ಣನ್ನು ತೆಗೆದು ನನ್ನ ಕೈಯಲ್ಲಿಟ್ಟನು. ಆ ಬಳಿಕ ಬಾದಾಮಿ ಹಾಲನ್ನು ಹೆಪ್ಪುಗಟ್ಟಿಸಿ ಕಲಕಿದ ‘ಗ್ರಾನಿತಾ’ ಎಂಬ ತಂಪು ತಿನಿಸು, ಜೊತೆಗೆ ಮೆತ್ತನೆಯ ಬನ್ನು. ಇದು ಅಲ್ಲಿಯವರ ಬೆಳಗಿನ ಉಪಾಹಾರ.

ಊರಿನ ನಡುವೆ ಹಾಲುಬಿಳುಪಿನ ಕಲ್ಲು ಹಾಸಿದ ಚೌಕ. ಅದರ ಅಂಚಿನಲ್ಲಿರುವ ಪ್ರಧಾನ ಚರ್ಚಿನ ಮುಂಭಾಗ 18ನೆಯ ಶತಮಾನದ್ದು, ಆಂದ್ರೇಯಾ ಪಾಲ್ಮಾನ ಯೋಜನೆ. ಕಂಬಗಳೂ ಮೂರ್ತಿಗಳೂ ತುಂಬಿದ ವೈಭವ. ಪ್ರವಾಸಿಗರೆಲ್ಲ ಅದರ ಮುಂದೆಯೇ ಫೋಟೋ ತೆಗೆಯುತ್ತಿದ್ದರು. ನನ್ನ ಮನಸ್ಸನ್ನು ಹಿಡಿದದ್ದು ಎಡಮಗ್ಗುಲಿನ ಓಣಿ. ಅಲ್ಲಿ ಚರ್ಚಿನ ಗೋಡೆಯೊಳಗಿಂದ ಗ್ರೀಕರ ದಪ್ಪ ಕಂಬಗಳು ಅರ್ಧ ಮೈಯನ್ನು ಹೊರಗೆ ಚಾಚಿ ನಿಂತಿವೆ. ತಳಪೀಠವಿಲ್ಲ, ನೇರವಾಗಿ ಜಗತಿಯ ಮೇಲೆಯೇ ನಿಂತ ಕಂಬಗಳು. ಕ್ರಿ.ಪೂ. 5ನೆಯ ಶತಮಾನದಲ್ಲಿ ಇದು ಅಥೀನಾ ದೇವಿಯ ಗುಡಿಯಾಗಿತ್ತು. ಕ್ರಿ.ಶ. 7ನೆಯ ಶತಮಾನದಲ್ಲಿ ಕಂಬಗಳ ನಡುವಣ ತೆರಪುಗಳಿಗೆ ಗೋಡೆ ಕಟ್ಟಿ, ಒಳಗಿನ ಗರ್ಭಗೃಹದ ಗೋಡೆಗಳಲ್ಲಿ ಕಮಾನುಗಳನ್ನು ಕೊರೆದು ಚರ್ಚು ಮಾಡಿದರು. 878ರಲ್ಲಿ ಅರಬರು ಊರನ್ನು ಗೆದ್ದ ತರುವಾಯ ಮಸೀದಿ. 11ನೆಯ ಶತಮಾನದಲ್ಲಿ ನಾರ್ಮನ್ನರು ಬಂದ ಮೇಲೆ ಮತ್ತೆ ಚರ್ಚು. 1693ರ ಮಹಾಭೂಕಂಪದಲ್ಲಿ ಮುಂಭಾಗ ಉರುಳಿತು, ಕಂಬಗಳು ಉಳಿದವು.

ಎದುರು ಮೆಟ್ಟಿಲ ಮೇಲೆ ಕುಳಿತು ಬರೆಯತೊಡಗಿದೆ. ಕ್ರಿ.ಪೂ. 212ರಲ್ಲಿ ರೋಮನ್ ಸೈನಿಕನು ಮೇಲೆ ಬಂದು ನಿಂತಾಗಲೂ ಆರ್ಕಿಮಿಡೀಸನು ತನ್ನ ರೇಖಾಕೃತಿಯಲ್ಲಿ ಮಗ್ನನಾಗಿದ್ದನೆಂಬ ಕಥೆ ನೆನಪಾಯಿತು. ನನ್ನ ಹಾಳೆಗಿದ್ದ ಅಪಾಯ ಐಸ್‌ಕ್ರೀಮು ಹಿಡಿದ ಮಕ್ಕಳಿಂದ ಮಾತ್ರ. ಹಾದುಹೋಗುತ್ತಿದ್ದ ಮುದುಕರೊಬ್ಬರು ಬಗ್ಗಿ ನೋಡಿ, ನಾನು ಬರೆದ ಕಂಬದ ಮೇಲೆ ಬೆರಳಿಟ್ಟು “ಸ್ತೋರ್ತಾ” ಎಂದರು; ಸೊಟ್ಟಗಿದೆಯೆಂದು ಅರ್ಥ. ನಾನು ಮಾತಾಡದೆ ಗೋಡೆಯ ಕಡೆಗೆ ಕೈ ತೋರಿದೆ. ಕಂಬವೇ ತನ್ನ ನೇರದಿಂದ ಕದಲಿತ್ತು. ಅವರು ನಕ್ಕು, ಎರಡೂ ಕೈಗಳನ್ನು ಗಡಗಡನೆ ಅಲುಗಿಸಿ “ತೆರ್ರೆಮೋತೊ” ಎಂದರು. ಭೂಕಂಪ! ಅಷ್ಟು ಇಟಲಿ ಭಾಷೆ ನನಗೂ ತಿಳಿಯಿತು.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು: ಹೊಸದಾಗಿ ಕಟ್ಟುವ ಗೋಡೆಗೆ ನಕ್ಷೆಯಲ್ಲಿ ಕೆಂಪು, ಕೆಡವಬೇಕಾದುದಕ್ಕೆ ಹಳದಿ. ನಾನು ಹಳದಿ ಹಚ್ಚಿದ ಎಷ್ಟೋ ಗೋಡೆಗಳು ಇಂದು ಇಲ್ಲ. ಇಲ್ಲಿ ಎರಡು ಗಂಟೆ ಕುಳಿತರೂ ಗುಡಿ ಎಲ್ಲಿ ಮುಗಿಯಿತು, ಚರ್ಚು ಎಲ್ಲಿ ಮೊದಲಾಯಿತು ಎಂದು ಒಂದು ಗೆರೆ ಎಳೆಯಲಾಗಲಿಲ್ಲ. ಕಂಬವನ್ನು ತೆಗೆದರೆ ಗೋಡೆ ನಿಲ್ಲದು. ಗೋಡೆಯಿಲ್ಲದೆ ಕಂಬ ಇಷ್ಟು ಕಾಲ ನಿಲ್ಲುತ್ತಿತ್ತೋ ಇಲ್ಲವೋ!

ವಾಚಕರಲ್ಲಿ ಬಹುಮಂದಿಗೆ ತಿಳಿದಿರುವಂತೆ, ನಮ್ಮ ಶಾಲೆಯ ಹಳೆಯ ಕಲ್ಲುಕಟ್ಟಡದ ನಕ್ಷೆಯನ್ನು ಸಿದ್ಧಪಡಿಸಲು ಕಟ್ಟಡ ಸಮಿತಿಯವರು ನನಗೇ ಹೇಳಿದ್ದರು. ನಾನು ಮೊದಲ ಗೆರೆ ಎಳೆಯಲು ಕಲಿತದ್ದು ಅದರ ಪಡಸಾಲೆಯಲ್ಲಿ. ಹಾಗೆಂದು, ಮಕ್ಕಳ ತಲೆಯ ಮೇಲೆ ಸೋರುವ ಮಾಳಿಗೆಯನ್ನು ಉಳಿಸಿಕೊಳ್ಳಿರೆಂದು ಹೇಳುವ ಭಾವುಕತೆ ನನ್ನದಲ್ಲ. ಮಾಳಿಗೆ ಹೋಗಲೇಬೇಕು. ಊರಿಗೆ ಮರಳಿದ ಮೇಲೆ ಎರಡು ನಕ್ಷೆಗಳನ್ನು ಬರೆದು ಒಪ್ಪಿಸಿದ್ದೇನೆ. ಒಂದರಲ್ಲಿ ಎಲ್ಲವೂ ಹಳದಿ. ಇನ್ನೊಂದರಲ್ಲಿ ಪಡಸಾಲೆಯ ಎಂಟು ಕಲ್ಲುಕಂಬಗಳು ಹೊಸ ಗೋಡೆಯೊಳಗೆ ನಿಂತಿವೆ. ಎರಡನೆಯದಕ್ಕೆ ವೆಚ್ಚ ತುಸು ಹೆಚ್ಚು. ದಾನಿಗಳೂ ಹಿರಿಯರೂ ಎರಡನ್ನೂ ಎದುರಿಗಿಟ್ಟುಕೊಂಡು ನೋಡಬೇಕೆಂಬುದು ನನ್ನ ವಿನಂತಿ.

ಅಂದು ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲಿಕ್ಕಿದವು. ಓಣಿಗಳಲ್ಲಿ ಮೇಲೆ ಒಣಹಾಕಿದ ಬಟ್ಟೆಗಳು, ಕೆಳಗೆ ನೆರಳು, ಅಷ್ಟೇ. ಗುರಿಯಿಲ್ಲದೆ ತಿರುಗಿ ಸಂಜೆಗೆ ಅರೆತೂಸಾ ಚಿಲುಮೆಯ ಬಳಿ ಬಂದೆ. ಸಮುದ್ರ ಹತ್ತೇ ಹೆಜ್ಜೆಯಾಚೆ. ಆದರೂ ಇಲ್ಲಿ ಉಕ್ಕುವುದು ಸಿಹಿನೀರು. ಅದರಲ್ಲಿ ಪಪೈರಸ್ ಜೊಂಡು ಬೆಳೆದಿದೆ. ಈಜಿಪ್ತಿನವರು ಇದರ ಮುಮ್ಮೂಲೆ ದಂಟನ್ನು ಸೀಳಿ ಹಾಳೆ ಮಾಡಿ ಬರೆದರಲ್ಲವೆ! ಅದನ್ನೇ ಹಾಳೆಯ ಮೇಲೆ ಬರೆಯುವುದು ವಿನೋದವಾಗಿ ಕಂಡಿತು. ಸೂರ್ಯನು ಬಂದರಿನಾಚೆಗೆ ಇಳಿದನು. ಜೊಂಡಿನ ತಲೆಗಳು ಒಂದರೊಳಗೊಂದು ಕಲೆತುಹೋದವು. ಆ ದಿನದ ಕೊನೆಯ ಹಾಳೆಯಲ್ಲಿ ಒಂದು ಬಾತುಕೋಳಿಯ ಹಿಂಭಾಗ ಮಾತ್ರ ಇದೆ. ಮುಂಭಾಗವನ್ನು ಬರೆಯುವಷ್ಟರಲ್ಲಿ ಅದು ಜೊಂಡಿನೊಳಗೆ ಹೊಕ್ಕುಬಿಟ್ಟಿತು.