ಒಂದೇ ಪ್ರತಿ

ಸಂಜೆ ಪೇಪರ್ ಓದುವವರೆಲ್ಲ ಎದ್ದುಹೋದ ಮೇಲೆ ನಮ್ಮೂರ ಗ್ರಂಥಾಲಯದಲ್ಲಿ ಮೇಷ್ಟ್ರು ಕೇಳಿದರು: "ಒಂದೇ ಪ್ರತಿ ಇರೋ ಪುಸ್ತಕಗಳು ಯಾವ್ಯಾವು ಅಂತ ತೆಗೆದುಕೊಡಪ್ಪಾ. ಅವನ್ನ ಮನೆಗೆ ಕೊಡೋದು ಬೇಡ, ಇಲ್ಲೇ ಕೂತು ಓದಲಿ." ಪಟ್ಟಿ ಆಗಲೇ ಕಂಪ್ಯೂಟರಿಗೆ ಏರಿತ್ತು, ಪ್ರತಿಗೊಂದು ಸಾಲು, ಸಾಲಿಗೊಂದು ಅಕ್ಸೆಷನ್ ನಂಬರು.

ಇಂಥ ಪ್ರಶ್ನೆ ಬಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನ 'ಡಿಸ್ಟಿಂಕ್ಟ್' ಕಡೆಗೆ. ಅದರ ಕೆಲಸವೇ ಬೇರೆ. ಹತ್ತು ಪ್ರತಿ ಇರುವ ಪುಸ್ತಕದ ಹೆಸರನ್ನೂ ಒಮ್ಮೆ ಹೇಳುತ್ತದೆ, ಒಂದೇ ಇರುವುದನ್ನೂ ಒಮ್ಮೆ ಹೇಳುತ್ತದೆ. ನಮಗೆ ಬೇಕಾದದ್ದು ಎರಡನೆಯದು ಮಾತ್ರ. ಅದಕ್ಕೆ ಗುಡ್ಡೆ ಹಾಕಬೇಕು: ಹೆಸರು, ಲೇಖಕರ ಮೇಲೆ 'ಗ್ರೂಪ್ ಬೈ', ಆಮೇಲೆ 'ಹ್ಯಾವಿಂಗ್ ಕೌಂಟ್(*) = 1'. ಈ ಷರತ್ತು 'ವೇರ್'ನಲ್ಲಿ ನಡೆಯದು. ಗುಡ್ಡೆ ಬೀಳುವ ಮೊದಲೇ ಅದು ಸಾಲುಗಳನ್ನು ನೋಡಿ ಮುಗಿಸಿರುತ್ತದೆ. ಅಕ್ಸೆಷನ್ ನಂಬರನ್ನೂ ಗ್ರೂಪ್ ಬೈಗೆ ಸೇರಿಸಿದರೆ ಪ್ರತಿ ಸಾಲೂ ಒಂಟಿಯಾಗಿ, ಇಡೀ ಗ್ರಂಥಾಲಯವೇ ಉತ್ತರವಾಗಿ ಬರುತ್ತದೆ. ನಂಬರು ಬೇಕಾದರೆ 'ಮಿನ್' ಹಾಕಿ ತೆಗೆಯಬೇಕು: ಒಂದೇ ಇರುವ ಗುಡ್ಡೆಯಲ್ಲಿ ಎಲ್ಲಕ್ಕಿಂತ ಚಿಕ್ಕದೂ ಅದೇ ತಾನೆ! ಈ ಉಪಾಯ ನನಗೆ ಬಹಳ ಇಷ್ಟ.

ಉತ್ತರ ಬಂತು. ಓದುತ್ತಾ ಬಂದ ಮೇಷ್ಟ್ರು ಒಂದು ಕಡೆ ಬೆರಳಿಟ್ಟರು. 'ಪಂಪಭಾರತ', 1. ಇನ್ನಷ್ಟು ಕೆಳಗೆ 'ವಿಕ್ರಮಾರ್ಜುನ ವಿಜಯ', 1. "ಇವೆರಡೂ ಒಂದೇ ಅಲ್ವೇನಪ್ಪಾ?" ಹೌದು, ಒಂದೇ ಕಾವ್ಯದ ಎರಡು ಹೆಸರು. ಲೇಖಕರ ಕಾಲಂನಲ್ಲೂ ಹಾಗೆಯೇ, ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ. ಇದಕ್ಕಿಂತ ಸೂಕ್ಷ್ಮವಾದದ್ದೂ ಇದೆ. ಯೂನಿಕೋಡಿನಲ್ಲಿ 'ಕೋ' ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಎಷ್ಟೋ ಡೇಟಾಬೇಸುಗಳು ಮಾತ್ರ ಬೇರೆ ಬೇರೆ ಎಂದೇ ಎಣಿಸುತ್ತವೆ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾಬೇಸುಗಳ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ ಪಟ್ಟಿಯೆಂದರೆ ಗಣಿತದ ಗಣ. ಒಂದೇ ಥರದ ಎರಡು ಸಾಲಿಗೆ ಅಲ್ಲಿ ಜಾಗವಿರಲಿಲ್ಲ. ಎಸ್‌ಕ್ಯೂಎಲ್ ಆ ಕಟ್ಟನ್ನು ಸಡಿಲಿಸಿತು. ಆದರೆ ಕಾಡ್ ಅವರ ನಿಯಮವನ್ನೇ ಪಾಲಿಸಿದ್ದರೂ ನಮ್ಮ ತೊಡಕು ಉಳಿಯುತ್ತಿತ್ತು, ಏಕೆಂದರೆ ನಂಬರು ಬೇರೆಯಾದರೆ ಸಾಲೂ ಬೇರೆ. ಪಂಪಭಾರತವೇ ವಿಕ್ರಮಾರ್ಜುನ ವಿಜಯ ಎಂದು ಹೇಳಲು ಮೇಷ್ಟ್ರೇ ಬೇಕಾಯಿತು.

ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತಂದು ಮತ್ತೆ ಎಣಿಸಿದೆವು. ನಿಮ್ಮೂರ ಗ್ರಂಥಾಲಯದ ಪಟ್ಟಿ ಕೈಗೆ ಸಿಕ್ಕರೆ ನೀವೂ ಎಣಿಸಿ ನೋಡಿ. ಒಂಟಿಯಾಗಿ ಉಳಿದ ಪುಸ್ತಕಗಳಿಗೆ ಮೊದಲು ಬೈಂಡು ಹಾಕಿಸಿ.