ಕುಂಚದಿಂದ ಕತ್ತರಿಗೆ

ಹೊಸ ಉಡುಪು ತೊಟ್ಟವರನ್ನು ಕಂಡಾಗ ಜನರು ಬಟ್ಟೆಯ ಬೆಲೆಯನ್ನು ಕೇಳುತ್ತಾರೆ. ಹೊಲಿದ ದರ್ಜಿಯ ಹೆಸರನ್ನು ವಿಚಾರಿಸುವವರೂ ಉಂಟು. ಆದರೆ ಆ ಉಡುಪು ಹೀಗೆಯೇ ಇರಬೇಕೆಂದು ಮೊದಲು ಮನಸ್ಸಿನಲ್ಲಿ ಕಂಡವರು ಯಾರು ಎಂದು ಕೇಳುವವರು ವಿರಳ. ತೋಳು ಎಷ್ಟು ಉದ್ದವಿರಬೇಕು, ನಿರಿಗೆ ಎಲ್ಲಿ ಬೀಳಬೇಕು, ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಒಪ್ಪುತ್ತದೆ ಎಂಬುದನ್ನು ನಿರ್ಧರಿಸುವುದೂ ಒಂದು ವಿದ್ಯೆಯೇ. ಅದನ್ನು ವಸ್ತ್ರವಿನ್ಯಾಸವೆಂದು ಕರೆಯುತ್ತಾರೆ. ಇಂದು ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಸಂಸ್ಥೆಗಳಿವೆ. 1986ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. 1950ರ ಸುಮಾರಿಗೆ ಈ ವೃತ್ತಿಯನ್ನು ಹಿಡಿಯಬಯಸಿದವರಿಗೆ ಅಂತಹ ಅನುಕೂಲವಿರಲಿಲ್ಲ. ದಾರಿಯನ್ನು ತಾವೇ ಮಾಡಿಕೊಂಡು ತಾವೇ ನಡೆಯಬೇಕಾಗಿತ್ತು. ಹಾಗೆ ನಡೆದವರಲ್ಲಿ ಭಾನು ಅಥೈಯಾ ಅವರು ಅಗ್ರಗಣ್ಯರು.

ಭಾನು ಅವರು ಹುಟ್ಟಿದ್ದು 1929ರ ಏಪ್ರಿಲ್ 28ರಂದು, ಕನ್ನಡಿಗರಿಗೆ ಮಹಾಲಕ್ಷ್ಮಿಯ ಕ್ಷೇತ್ರವೆಂದು ಪರಿಚಿತವಾದ ಕೊಲ್ಲಾಪುರದಲ್ಲಿ. ತಂದೆ ಅಣ್ಣಾಸಾಹೇಬ ರಾಜೋಪಾಧ್ಯೆ ಚಿತ್ರಕಾರರು, ಛಾಯಾಚಿತ್ರಗ್ರಹಣದಲ್ಲಿಯೂ ಪರಿಣತರು. ಮನೆಯಲ್ಲಿ ಏಳು ಜನ ಮಕ್ಕಳು. ಭಾನು ಇನ್ನೂ ಬಾಲಕಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಆದರೆ ತಂದೆಯ ಮನೆಯಲ್ಲಿ ಮೂಡಿದ ಚಿತ್ರಕಲೆಯ ಒಲವು ಮಗಳಲ್ಲಿ ಉಳಿಯಿತು. ಆ ಒಲವೇ ಅವರನ್ನು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಕರೆತಂದಿತು.

ಅಲ್ಲಿ ಅವರು ಸಾಮಾನ್ಯ ವಿದ್ಯಾರ್ಥಿನಿಯಾಗಿರಲಿಲ್ಲ. 1951ರಲ್ಲಿ ಅವರ ಚಿತ್ರಕ್ಕೆ ಉಷಾ ದೇಶಮುಖ್ ಸುವರ್ಣಪದಕ ದೊರೆಯಿತು. ಹುಸೇನ್, ರಝಾ, ಸೌಜಾ ಮೊದಲಾದವರು 1947ರಲ್ಲಿ ಕಟ್ಟಿದ ಪ್ರಗತಿಶೀಲ ಕಲಾವಿದರ ಬಳಗವು 1953ರಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಭಾನು ಅವರ ಚಿತ್ರಗಳಿಗೂ ಸ್ಥಾನ ದೊರಕಿತು. ಆ ಬಳಗದ ಹಲವರು ಮುಂದೆ ಜಗತ್ಪ್ರಸಿದ್ಧರಾದರು. ಅದೇ ಹಾದಿಯಲ್ಲಿ ಮುಂದುವರಿದಿದ್ದರೆ ಅವರೂ ಆ ಸಾಲಿನಲ್ಲಿ ನಿಲ್ಲುತ್ತಿದ್ದರೋ ಏನೋ!

ಆದರೆ ಕಲೆಯ ಜೊತೆಗೆ ಜೀವನವೂ ನಡೆಯಬೇಕಲ್ಲವೆ? ಓದುತ್ತಿರುವಾಗಲೇ ಭಾನು ಅವರು ಮಹಿಳೆಯರ ಪತ್ರಿಕೆಗಳಿಗೆ ಉಡುಪುಗಳ ಚಿತ್ರಗಳನ್ನು ಬರೆದುಕೊಡತೊಡಗಿದರು. 'ಈವ್ಸ್ ವೀಕ್ಲಿ' ಅಂತಹ ಪತ್ರಿಕೆಗಳಲ್ಲಿ ಒಂದು. ಅದರ ಸಂಪಾದಕಿಯು ಸಿದ್ಧ ಉಡುಪುಗಳ ಅಂಗಡಿಯೊಂದನ್ನು ತೆರೆದಾಗ, ಚಿತ್ರದಲ್ಲಿ ಬರೆಯುವುದನ್ನು ಬಟ್ಟೆಯಲ್ಲಿಯೇ ಏಕೆ ಮಾಡಿ ನೋಡಬಾರದೆಂದು ಭಾನು ಅವರನ್ನು ಕೇಳಿದರು. ಅವರು ಒಪ್ಪಿಕೊಂಡರು. ಒಂದು ದೊಡ್ಡ ವೃತ್ತಿಜೀವನದ ಆರಂಭ ಇಷ್ಟು ಸರಳವಾದದ್ದು.

ಸರಳವೆಂದರೆ ಸುಲಭವೆಂದು ತಿಳಿಯಬಾರದು. ಕಾಗದದ ಮೇಲಿನ ಸೆರಗು ಚಿತ್ರಕಾರನು ಹೇಳಿದ ಕಡೆಗೆ ಹಾರುತ್ತದೆ. ಬಟ್ಟೆಯ ಸೆರಗು ಹಾಗಲ್ಲ. ರೇಷ್ಮೆಗೆ ಒಂದು ಭಾರ, ಹತ್ತಿಗೆ ಒಂದು ಬಿಗಿ, ಜಾರ್ಜೆಟ್ಟಿಗೆ ಒಂದು ಇಳಿತ. ಉದ್ದಕ್ಕೆ ಕತ್ತರಿಸಿದರೆ ಒಂದು ಬಗೆ ನಿಲ್ಲುವ ಬಟ್ಟೆ, ಓರೆಯಾಗಿ ಕತ್ತರಿಸಿದರೆ ಮತ್ತೊಂದು ಬಗೆ ಬೀಳುತ್ತದೆ. ತಪ್ಪಾಗಿ ಎಳೆದ ಗೆರೆಯನ್ನು ಅಳಿಸಬಹುದು. ತಪ್ಪಾಗಿ ಹಾಕಿದ ಕತ್ತರಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಇದಲ್ಲದೆ, ಉಡುಪನ್ನು ತೊಡುವವರು ನಡೆಯಬೇಕು, ಕೂರಬೇಕು, ಕೈಯೆತ್ತಬೇಕು. ಗೋಡೆಯ ಮೇಲಿನ ಚಿತ್ರಕ್ಕೆ ಈ ಯಾವ ತೊಂದರೆಯೂ ಇಲ್ಲ.

ಸುವರ್ಣಪದಕ ಪಡೆದ ಕಲಾವಿದೆ ಅಂಗಡಿಯ ಗಿರಾಕಿಗಳಿಗಾಗಿ ಉಡುಪು ಸಿದ್ಧಪಡಿಸುವುದೇ ಎಂದು ಯಾರಿಗಾದರೂ ಅನ್ನಿಸಬಹುದು. ಚಿತ್ರಕಲೆ ಹಿಂದಕ್ಕೆ ಸರಿದುದು ನಿಜ. ಅದು ಸಣ್ಣ ತ್ಯಾಗವೂ ಅಲ್ಲ. ಆದರೆ ಚಿತ್ರ ಕಲಿಸಿದ ನೋಟ ಅವರನ್ನು ಬಿಟ್ಟುಹೋಗಲಿಲ್ಲ. ಅಂಗಡಿಗೆ ಬರುತ್ತಿದ್ದ ಚಲನಚಿತ್ರ ನಟಿಯರು ಅವರ ಕೈಚಳಕವನ್ನು ಬೇಗ ಗುರುತಿಸಿದರು. ಅವರ ಮೂಲಕ ಚಲನಚಿತ್ರರಂಗದ ಬಾಗಿಲು ತೆರೆಯಿತು. ಗುರುದತ್ತರ ಸಂಸ್ಥೆಯು ನಿರ್ಮಿಸಿದ 'ಸಿ.ಐ.ಡಿ.' 1956ರಲ್ಲಿಯೂ 'ಪ್ಯಾಸಾ' 1957ರಲ್ಲಿಯೂ ತೆರೆಗೆ ಬಂದು, ಭಾನು ಅವರಿಗೆ ಭದ್ರವಾದ ನೆಲೆಯನ್ನು ಒದಗಿಸಿದವು.

1966ರ 'ಆಮ್ರಪಾಲಿ' ಚಿತ್ರದ ಕಥೆ ಬುದ್ಧನ ಕಾಲದ್ದು. ಆಗಿನ ಉಡುಪುಗಳನ್ನು ತೋರಿಸುವವರು ಯಾರು? ಭಾನು ಅವರು ಅಜಂತೆಯ ಗುಹೆಗಳಿಗೆ ಹೋಗಿ ಅಲ್ಲಿಯ ಭಿತ್ತಿಚಿತ್ರಗಳನ್ನು ಅಭ್ಯಾಸ ಮಾಡಿದರು. 1968ರ 'ಬ್ರಹ್ಮಚಾರಿ' ಚಿತ್ರದಲ್ಲಿ ಸಮಸ್ಯೆ ಬೇರೆ. ಸೀರೆಯುಟ್ಟ ನಟಿ ವೇಗವಾಗಿ ಕುಣಿಯಬೇಕು. ನಿರಿಗೆ ಮಾತ್ರ ಕಳಚಬಾರದು. ಅದಕ್ಕಾಗಿ ಅವರು ನಿರಿಗೆಗಳನ್ನು ಮೊದಲೇ ಹೊಲಿದು, ಜಿಪ್ಪು ಹಾಕಿ ತೊಡುವಂತಹ ಸೀರೆಯನ್ನು ರೂಪಿಸಿದರು. ಒಂದೆಡೆ ಪುರಾತನ ಗೋಡೆಯ ಅಧ್ಯಯನ, ಇನ್ನೊಂದೆಡೆ ಜಿಪ್ಪಿನ ಉಪಾಯ. ಎರಡೂ ಒಂದೇ ವೃತ್ತಿಯ ಎರಡು ಮುಖಗಳು.

ರಿಚರ್ಡ್ ಅಟೆನ್‌ಬರೊ ಅವರು 'ಗಾಂಧಿ' ಚಿತ್ರವನ್ನು ನಿರ್ಮಿಸಲು ಹೊರಟಾಗ ಅದರ ಉಡುಪುಗಳ ಹೊಣೆ ಭಾನು ಅವರಿಗೂ ಇಂಗ್ಲೆಂಡಿನ ಜಾನ್ ಮೊಲೊ ಅವರಿಗೂ ಬಂದಿತು. ಅಲ್ಲಿ ಬೆಡಗಿಗೆ ಎಡೆಯಿರಲಿಲ್ಲ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಸೂಟು ತೊಟ್ಟಿದ್ದ ಯುವ ವಕೀಲರು 1921ರಲ್ಲಿ ಮಧುರೆಯಲ್ಲಿ ತುಂಡುಪಂಚೆಯನ್ನು ಸ್ವೀಕರಿಸಿದರು. ಅವರ ಬಾಳಿನ ಕಥೆಯನ್ನು ಅವರ ಬಟ್ಟೆಯೇ ಹೇಳುತ್ತದೆ. ಖಾದಿಯ ಒರಟುತನ, ಒಗೆದು ಒಗೆದು ಮಾಸಿದ ಬಿಳುಪು, ಹಳ್ಳಿಗರ ರುಮಾಲಿನ ಸುತ್ತು, ಇವೆಲ್ಲ ನಿಜವೆನ್ನಿಸಬೇಕು. ನೋಡುವವರು ಉಡುಪನ್ನು ಮರೆತು ಮನುಷ್ಯರನ್ನು ಕಾಣಬೇಕು. 1983ರ ಏಪ್ರಿಲ್ 11ರಂದು ಈ ಕೆಲಸಕ್ಕಾಗಿ ಇಬ್ಬರಿಗೂ ಆಸ್ಕರ್ ಪ್ರಶಸ್ತಿ ಸಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಭಾನು ಅವರು. 2012ರಲ್ಲಿ, ಅದು ಸುರಕ್ಷಿತವಾಗಿರಲೆಂದು ಅವರು ಆ ಪ್ರತಿಮೆಯನ್ನು ಅಕಾಡೆಮಿಗೇ ಹಿಂದಿರುಗಿಸಿದರು. ನೂರಕ್ಕೂ ಹೆಚ್ಚು ಚಿತ್ರಗಳಿಗೆ ಉಡುಪು ರೂಪಿಸಿದ ಅವರು 2020ರ ಅಕ್ಟೋಬರ್ 15ರಂದು ಮುಂಬಯಿಯಲ್ಲಿ ನಿಧನರಾದರು.

ಈ ವೃತ್ತಿಯನ್ನು ಹಿಡಿಯಬಯಸುವ ತರುಣ ತರುಣಿಯರ ಕಣ್ಣಿಗೆ ಮೊದಲು ಬೀಳುವುದು ದೀಪಗಳ ಬೆಳಕು, ಚಪ್ಪಾಳೆ ಮತ್ತು ಪ್ರಶಸ್ತಿ. ಭಾನು ಅವರಿಗೆ ಪ್ರಶಸ್ತಿ ಬಂದದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಆರಂಭದಲ್ಲಿ ಅವರ ಬಳಿ ಇದ್ದುದು ಒಂದು ಪೆನ್ಸಿಲು, ನೋಡಬಲ್ಲ ಎರಡು ಕಣ್ಣು ಮತ್ತು ಸಣ್ಣ ಕೆಲಸವನ್ನೂ ಒಪ್ಪಿಕೊಂಡು ಚೆನ್ನಾಗಿ ಮಾಡುವ ಮನಸ್ಸು. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯ ಸೆರಗು ಹೆಗಲ ಮೇಲೆ ಹೇಗೆ ನಿಂತಿದೆ ಎಂಬುದನ್ನು ಗಮನವಿಟ್ಟು ನೋಡಿ ಕಾಗದದ ಮೇಲೆ ಬರೆಯಬಲ್ಲ ಬಾಲಕ ಬಾಲಕಿಯರಿಗೆ ಈ ವಿದ್ಯೆಯ ಮೊದಲ ಪಾಠ ಆಗಲೇ ದೊರೆತಿದೆ.