ಟ್ಯಾಕ್ಸ್ ಉಳಿಸೋಕೆ ಸಾಲ ಮಾಡಿ ಮೆಷಿನ್ನಾ?

ಮಾರ್ಚ್ ಬಂತೆಂದರೆ ಮೆಷಿನ್ ಮಾರುವವರ ಫೋನು ಶುರು. ‘31ರೊಳಗೆ ತಗೊಳ್ಳಿ ಸಾರ್, ಟ್ಯಾಕ್ಸ್ ಉಳಿಯುತ್ತೆ.’ ಎಣ್ಣೆ ಗಾಣ ನಡೆಸುವ ನಮ್ಮ ಭಾವನಿಗೂ ಬಂದಿತ್ತು. 5 ಲಕ್ಷದ ಹೊಸ ಗಾಣ, ಪೂರ್ತಿ ಸಾಲದ ಮೇಲೆ. ಭಾವ ಮುಕ್ಕಾಲು ಮನಸ್ಸು ಮಾಡಿಬಿಟ್ಟಿದ್ದರು.

‘ಭಾವ, ಹೋದ ವರ್ಷ ಟ್ಯಾಕ್ಸ್ ಎಷ್ಟು ಕಟ್ಟಿದ್ರಿ?’ ಅಂದೆ.

‘ನಾನೆಲ್ಲಿ ಕಟ್ಟಿದೆ? ರಿಟರ್ನ್ ಹಾಕಿದ್ದಷ್ಟೇ.’

ಕಟ್ಟದೇ ಇರುವ ಟ್ಯಾಕ್ಸನ್ನು ಉಳಿಸುವುದು ಹೇಗೆ?

ಭಾವನ ವಹಿವಾಟು ವರ್ಷಕ್ಕೆ 30 ಲಕ್ಷ. ಇಂಥ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಪದ್ಧತಿ ಇದೆ. ನಗದಿನಲ್ಲಿ ಬಂದದ್ದಕ್ಕೆ ಕನಿಷ್ಠ ಶೇ. 8, ಬ್ಯಾಂಕು, ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ. 6 ಲಾಭ ತೋರಿಸಿದರೆ ಆಯಿತು. ಆದರೆ ಇದರಲ್ಲಿ ಮೆಷಿನ್ನಿನ ಸವಕಳಿಯನ್ನು, ಆಡಿಟರುಗಳು ಡಿಪ್ರಿಸಿಯೇಷನ್ ಅನ್ನುತ್ತಾರಲ್ಲ ಅದನ್ನು, ಬೇರೆಯಾಗಿ ಕಳೆಯುವಂತಿಲ್ಲ. ಖರ್ಚಿನ ಲೆಕ್ಕದಲ್ಲಿ ಅದೂ ಸೇರಿಹೋಯಿತು ಎಂದೇ ಅರ್ಥ. ಸಾಲದ್ದಕ್ಕೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಇಲ್ಲ.

ಸರಿ, ಪುಸ್ತಕ ಬರೆದಿಟ್ಟು, 18 ಲಕ್ಷ ಆದಾಯ ತೋರಿಸುವವರೇ ತಗೊಂಡರು ಅನ್ನೋಣ. ಮೆಷಿನ್ನಿಗೆ ಸವಕಳಿ ವರ್ಷಕ್ಕೆ ಶೇ. 15. ಆ ವರ್ಷ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅರ್ಧ ಮಾತ್ರ. ಮಾರ್ಚಿನಲ್ಲಿ ಕೊಂಡ 5 ಲಕ್ಷಕ್ಕೆ ಸಿಗುವುದು 37,500 ರೂಪಾಯಿ. ಅಷ್ಟೂ ಟ್ಯಾಕ್ಸಿನಲ್ಲಿ ಉಳಿಯಿತು ಅಂದುಕೊಳ್ಳುವವರೇ ಹೆಚ್ಚು. ಅಲ್ಲ, ಅದು ಲಾಭದಲ್ಲಿ ಕಡಿಮೆಯಾಗುವ ಮೊತ್ತ. ಶೇ. 20ರ ಲೆಕ್ಕದಲ್ಲಿ, ಸೆಸ್ ಸೇರಿಸಿದರೂ, ಉಳಿಯುವುದು 7,800 ರೂಪಾಯಿ. ಮುಂದಿನ ವರ್ಷಗಳಲ್ಲೂ ಒಂದಿಷ್ಟು ಸಿಗುತ್ತದೆ, ನಿಜ. ಆದರೆ ಶೇ. 12 ಬಡ್ಡಿಗೆ ಐದು ವರ್ಷದ ಸಾಲವಾದರೆ ಕಂತು ತಿಂಗಳಿಗೆ 11,100ರ ಮೇಲೆ. ಮೊದಲ ವರ್ಷದ ಉಳಿತಾಯ ಒಂದು ಕಂತಿಗೂ ಸಾಲದು!

ಭಾವನ ಗಾಣಕ್ಕೆ ಮಳೆಗಾಲದಲ್ಲಿ ಎರಡು ತಿಂಗಳು ಕಾಯಿ ಬರುವುದೇ ಅಪರೂಪ. ಕಂತು ಮಾತ್ರ ಆಷಾಢ ನೋಡಲ್ಲ, ಶ್ರಾವಣ ನೋಡಲ್ಲ. ಆ ಎರಡು ತಿಂಗಳು ತಳ್ಳುವಷ್ಟು ದುಡ್ಡು ಖಾತೆಯಲ್ಲಿ ಇದೆಯಾ ಅಂತ ಮೊದಲು ನೋಡಬೇಕು, ಟ್ಯಾಕ್ಸಿನ ಮಾತು ಆಮೇಲೆ.

ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ, ಕೆಲಸಕ್ಕೆ ಮೆಷಿನ್ ಬೇಕೇ ಬೇಕು ಅನ್ನುವವರು ಖಂಡಿತ ತಗೊಳ್ಳಿ. ಸವಕಳಿ ಪಡೆಯುವವರಾದರೆ ಸೆಪ್ಟೆಂಬರ್ ಒಳಗೇ ಓಡಿಸಲು ಶುರು ಮಾಡಿದರೆ ಪೂರ್ತಿ ಶೇ. 15 ಸಿಗುತ್ತದೆ. ಪ್ಯಾಕಿಂಗ್ ಬಿಚ್ಚದೆ ಮೂಲೆಯಲ್ಲಿಟ್ಟರೆ ಇಲ್ಲ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಮೆಷಿನ್ನಿನ ಬೆಲೆಗೆ ಸೇರುವುದಿಲ್ಲ, ಅದಕ್ಕೆ ಸವಕಳಿಯೂ ಸಿಗುವುದಿಲ್ಲ.